ಒಂದೇ ಕಾರ್ಖಾನೆ, ಎರಡು ವಲಸೆ: ವರ್ದಿಂಗ್‌ಟನ್‌ನ ಲಾವೋಸ್ ಮತ್ತು ಗ್ವಾಟೆಮಾಲಾ ಕುಟುಂಬಗಳ ಆರ್ಥಿಕ ಸ್ಥಿತಿ

ಅಮೆರಿಕದ ಮಿನ್ನೆಸೋಟ ರಾಜ್ಯದ ನೈಋತ್ಯ ಮೂಲೆಯಲ್ಲಿ, ಅಯೋವಾ ಗಡಿಯ ಸಮೀಪದಲ್ಲಿ ವರ್ದಿಂಗ್‌ಟನ್ ಎಂಬ ಸಣ್ಣ ಪಟ್ಟಣವಿದೆ. ಸುತ್ತಲೂ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳು, ಪಕ್ಕದಲ್ಲೇ ಒಕಬೀನಾ ಕೆರೆ, ಜೊತೆಗೆ ದಿನಕ್ಕೆ ಸುಮಾರು 20,000 ಹಂದಿಗಳನ್ನು ಕಡಿದು ಮಾಂಸವನ್ನು ಪೊಟ್ಟಣ ಕಟ್ಟುವ ಕಾರ್ಖಾನೆ. ಮೊದಲು ಸ್ವಿಫ್ಟ್ ಕಂಪನಿಯದಾಗಿದ್ದ ಈ ಕಾರ್ಖಾನೆ 2007ರಲ್ಲಿ ಬ್ರೆಜಿಲ್ ಮೂಲದ ಜೆಬಿಎಸ್ ಕೈಸೇರಿತು. ಮಿಡ್‌ವೆಸ್ಟ್ ಎನ್ನುವ ಈ ಸೀಮೆಯ ಎಷ್ಟೋ ಹಳ್ಳಿ-ಪಟ್ಟಣಗಳು ಯುವಕರಿಲ್ಲದೆ ಬರಿದಾಗುತ್ತಿದ್ದ ಕಾಲದಲ್ಲಿ ವರ್ದಿಂಗ್‌ಟನ್ ಮಾತ್ರ ಬೆಳೆಯಿತು. 1990ರಲ್ಲಿ ಸುಮಾರು 10,000 ಇದ್ದ ಜನಸಂಖ್ಯೆ 2020ರ ಗಣತಿಯ ಹೊತ್ತಿಗೆ 14,000ದ ಹತ್ತಿರ ಬಂದಿತ್ತು. ಹಾಗೆ ಬೆಳೆಸಿದವರು ವಲಸಿಗರು. ಮೊದಲ ಅಲೆಯಲ್ಲಿ ಲಾವೋಸ್ ದೇಶದವರು ಬಂದರು, ಆಮೇಲಿನ ಅಲೆಗಳಲ್ಲಿ ಮೆಕ್ಸಿಕೋ ಮತ್ತು ಗ್ವಾಟೆಮಾಲಾದವರು ಬಂದರು.

ಎರಡು ವಲಸೆ ಸಮುದಾಯಗಳ ಆರ್ಥಿಕ ಸ್ಥಿತಿಯನ್ನು ಹೋಲಿಸುವವರು ಸಾಮಾನ್ಯವಾಗಿ ರಾಷ್ಟ್ರಮಟ್ಟದ ಸರಾಸರಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಬ್ಬರು ಮುಂದೆ, ಇನ್ನೊಬ್ಬರು ಹಿಂದೆ ಎಂದು ಬರೆದು ಮುಗಿಸುತ್ತಾರೆ. ಆದರೆ ಒಬ್ಬರು ಲಾಸ್ ಏಂಜಲೀಸ್‌ನ ಹೊಲಿಗೆ ಕೋಣೆಯಲ್ಲಿ, ಇನ್ನೊಬ್ಬರು ಟೆಕ್ಸಾಸ್‌ನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ ಅಂಥ ಹೋಲಿಕೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ವರ್ದಿಂಗ್‌ಟನ್‌ನಲ್ಲಿ ಊರು, ಕಾರ್ಖಾನೆ, ಕಾರ್ಮಿಕ ಸಂಘ, ಶಾಲೆ ಎಲ್ಲವೂ ಒಂದೇ. ಹಾಗಿದ್ದೂ ಎರಡು ಮನೆಗಳ ಕೈಯಲ್ಲಿ ಉಳಿಯುವುದು ಒಂದೇ ಅಲ್ಲ. ಆ ವ್ಯತ್ಯಾಸದ ದೊಡ್ಡ ಪಾಲು ವಲಸಿಗರ ದುಡಿಮೆಯಿಂದಾಗಲಿ ಅವರ ಸಂಸ್ಕೃತಿಯಿಂದಾಗಲಿ ಹುಟ್ಟಿದ್ದಲ್ಲ, ಅಮೆರಿಕ ಸರ್ಕಾರ ಅವರನ್ನು ಒಳಗೆ ಕರೆದುಕೊಂಡ ಬಗೆಯಿಂದ ಹುಟ್ಟಿದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡು ಯುದ್ಧಗಳು

ಲಾವೋಸ್‌ನ ಮೇಲೆ ಅಮೆರಿಕ 1964ರಿಂದ 1973ರವರೆಗೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿಸಿತು. ನೆಲದ ಮೇಲೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಲಾವೋಸ್‌ನ ಬೆಟ್ಟಗಾಡಿನ ಮೋಂಗ್ ಜನರ ಸೈನ್ಯವೊಂದನ್ನು ಕಟ್ಟಿ ಕಮ್ಯುನಿಸ್ಟರ ವಿರುದ್ಧ ಹೋರಾಡಿಸಿತು. 1975ರ ಡಿಸೆಂಬರ್‌ನಲ್ಲಿ ಪಾಥೆಟ್ ಲಾವೋ ಎಂಬ ಕಮ್ಯುನಿಸ್ಟ್ ಬಣ ಅಧಿಕಾರ ಹಿಡಿದಾಗ ಹಳೆಯ ಸರ್ಕಾರದ ಪರವಾಗಿದ್ದವರು, ಅಮೆರಿಕದ ಪರ ಹೋರಾಡಿದವರು, ಹೆದರಿದ ರೈತರು ಮೆಕಾಂಗ್ ನದಿ ದಾಟಿ ಥಾಯ್ಲೆಂಡ್‌ನ ಶಿಬಿರಗಳನ್ನು ಸೇರಿದರು. ಅಲ್ಲಿಂದ ಅವರನ್ನು ವಿಮಾನದಲ್ಲಿ ಅಮೆರಿಕಕ್ಕೆ ಕರೆತರಲಾಯಿತು.

ಗ್ವಾಟೆಮಾಲಾದಲ್ಲಿ ಚುನಾಯಿತ ಅಧ್ಯಕ್ಷ ಹಾಕೋಬೊ ಆರ್ಬೆನ್ಸ್ ಅವರನ್ನು 1954ರಲ್ಲಿ ಸಿಐಎ ಬೆಂಬಲದ ದಂಗೆ ಕೆಳಗಿಳಿಸಿತು. 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ವಿಶ್ವಸಂಸ್ಥೆಯ ನೆರವಿನ ಸತ್ಯಶೋಧನಾ ಆಯೋಗ 1999ರಲ್ಲಿ ಕೊಟ್ಟ ವರದಿಯ ಪ್ರಕಾರ ಸತ್ತವರು ಮತ್ತು ಕಣ್ಮರೆಯಾದವರು 2 ಲಕ್ಷಕ್ಕೂ ಹೆಚ್ಚು. ಗುರುತು ಪತ್ತೆಯಾದ ಬಲಿಪಶುಗಳಲ್ಲಿ ಶೇ. 83 ಮಂದಿ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ. ಮಾಯಾ ಹಳ್ಳಿಗಳನ್ನು ಸೈನ್ಯ ಸುಟ್ಟ 1980ರ ದಶಕದ ಆರಂಭದಲ್ಲೇ ಗ್ವಾಟೆಮಾಲಾದವರು ದೊಡ್ಡ ಸಂಖ್ಯೆಯಲ್ಲಿ ಮೆಕ್ಸಿಕೋ ದಾಟಿ ಅಮೆರಿಕ ಸೇರತೊಡಗಿದರು.

ಎರಡೂ ಕಡೆ ಅಮೆರಿಕದ ಕೈ ಇತ್ತು. ಇದನ್ನು ಅಮೆರಿಕದ ಅಧ್ಯಕ್ಷರೇ ಒಪ್ಪಿದ್ದಾರೆ. ಗ್ವಾಟೆಮಾಲಾದ ದಮನಕಾರಿ ಪಡೆಗಳಿಗೆ ತಮ್ಮ ದೇಶ ಕೊಟ್ಟ ಬೆಂಬಲ ತಪ್ಪು ಎಂದು ಬಿಲ್ ಕ್ಲಿಂಟನ್ 1999ರಲ್ಲಿ ಗ್ವಾಟೆಮಾಲಾ ನಗರದಲ್ಲೇ ಹೇಳಿದರು. ಬರಾಕ್ ಒಬಾಮಾ 2016ರಲ್ಲಿ ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ಗೆ ಹೋಗಿ, ಸಿಡಿಯದೆ ಉಳಿದ ಬಾಂಬ್‌ಗಳನ್ನು ತೆಗೆಯಲು 9 ಕೋಟಿ ಡಾಲರ್ ಘೋಷಿಸಿದರು. ಆದರೆ ಓಡಿಬಂದವರಿಗೆ ಸಿಕ್ಕ ಸ್ವಾಗತದಲ್ಲಿ ಅಜಗಜಾಂತರವಿತ್ತು.

ಕಮ್ಯುನಿಸ್ಟ್ ಸರ್ಕಾರದಿಂದ ಓಡಿದವರು ಎಂಬ ಕಾರಣಕ್ಕೆ ಲಾವೋಸ್‌ನವರಿಗೆ ನಿರಾಶ್ರಿತರ ಸ್ಥಾನ ಸಿಕ್ಕಿತು. 1980ರ ನಿರಾಶ್ರಿತರ ಕಾಯ್ದೆ ಅದಕ್ಕೊಂದು ಸ್ಥಿರ ಚೌಕಟ್ಟು ಕೊಟ್ಟಿತು. ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕು, ವರ್ಷ ಕಳೆದ ಮೇಲೆ ಗ್ರೀನ್ ಕಾರ್ಡ್, ಕೆಲವು ವರ್ಷಗಳಲ್ಲಿ ಪೌರತ್ವ. ಜೊತೆಗೆ ನಗದು ನೆರವು, ವೈದ್ಯಕೀಯ ವಿಮೆ, ಇಂಗ್ಲಿಷ್ ತರಗತಿಗಳು. ಕ್ಯಾಥೊಲಿಕ್ ಮತ್ತು ಲೂಥರನ್ ಸಂಸ್ಥೆಗಳು ಮನೆ ಹುಡುಕಿಕೊಟ್ಟವು. ನಿರಾಶ್ರಿತರ ಮೇಲಿನ ವೆಚ್ಚವನ್ನು ಒಕ್ಕೂಟ ಸರ್ಕಾರ ರಾಜ್ಯಗಳಿಗೆ ಮೊದಲು ಮೂರು ವರ್ಷಗಳವರೆಗೆ ಭರಿಸುತ್ತಿತ್ತು. 1982ರಲ್ಲಿ ನಗದು ನೆರವಿನ ವಿಶೇಷ ಯೋಜನೆಯನ್ನು 18 ತಿಂಗಳಿಗೆ ಇಳಿಸಿತು.

ಗ್ವಾಟೆಮಾಲಾದವರು ಓಡಿಬಂದದ್ದು ಅಮೆರಿಕದ ಮಿತ್ರ ಸರ್ಕಾರದಿಂದ. ಅವರನ್ನು ನಿರಾಶ್ರಿತರೆಂದು ಒಪ್ಪಿದರೆ ಆ ಮಿತ್ರ ಕೊಲೆಗಾರನೆಂದು ಒಪ್ಪಿದಂತಾಗುತ್ತಿತ್ತು. 1980ರ ದಶಕದ ಮಧ್ಯದಲ್ಲಿ ಆಶ್ರಯ ಕೋರಿದ ಗ್ವಾಟೆಮಾಲಾದವರಲ್ಲಿ ಶೇ. 3ಕ್ಕಿಂತ ಕಡಿಮೆ ಮಂದಿಗೆ ಆಶ್ರಯ ಸಿಕ್ಕಿತು. ಚರ್ಚ್‌ಗಳು ಹೂಡಿದ ಮೊಕದ್ದಮೆಯಿಂದಾಗಿ 1991ರಲ್ಲಿ ಸರ್ಕಾರ ರಾಜಿಗೆ ಬಂದು, ಹಳೆಯ ಅರ್ಜಿಗಳನ್ನು ಮತ್ತೆ ಪರಿಶೀಲಿಸಲು ಒಪ್ಪಿತು. 1997ರ ಕಾಯ್ದೆಯೊಂದು ಅವರಲ್ಲಿ ಕೆಲವರಿಗೆ ಗ್ರೀನ್ ಕಾರ್ಡ್‌ನ ದಾರಿ ತೆರೆಯಿತು. ಆದರೆ ಆ ಬಾಗಿಲು 1990ರ ಅಕ್ಟೋಬರ್ 1ರವರೆಗೆ ಬಂದವರಿಗಷ್ಟೇ. ನಂತರ ಕಾಫಿ ತೋಟಗಳಿಗೆ ತುಕ್ಕುರೋಗ ಬಡಿದಾಗ, ಬರ ಬಂದಾಗ, 2020ರ ನವೆಂಬರ್‌ನಲ್ಲಿ ಈಟಾ ಮತ್ತು ಅಯೋಟಾ ಚಂಡಮಾರುತಗಳು ಬೆನ್ನುಬೆನ್ನಿಗೆ ಅಪ್ಪಳಿಸಿದಾಗ ಬಂದವರಿಗೆ ಅಂಥ ದಾರಿಯೇನೂ ಇರಲಿಲ್ಲ. ಪಕ್ಕದ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್‌ಗೆ ಸಿಕ್ಕ, ಗಡೀಪಾರಿನಿಂದ ಕೆಲಕಾಲ ರಕ್ಷಿಸುವ ತಾತ್ಕಾಲಿಕ ಸಂರಕ್ಷಿತ ಸ್ಥಾನವೂ ಗ್ವಾಟೆಮಾಲಾಕ್ಕೆ ಸಿಗಲಿಲ್ಲ.

ಪ್ರಯಾಣದ ಖರ್ಚನ್ನೇ ನೋಡಿ. ಲಾವೋಸ್‌ನ ನಿರಾಶ್ರಿತರ ವಿಮಾನದ ಟಿಕೆಟ್‌ಗೆ ಸಾಲ ಸಿಗುತ್ತಿತ್ತು, ಅದಕ್ಕೆ ಬಡ್ಡಿಯಿಲ್ಲ, ಸಣ್ಣ ಕಂತುಗಳಲ್ಲಿ ತೀರಿಸಬೇಕು. ಗ್ವಾಟೆಮಾಲಾದ ಪಶ್ಚಿಮ ಬೆಟ್ಟಸೀಮೆಯಿಂದ ಹೊರಡುವವನು ಗಡಿ ದಾಟಿಸುವ ‘ಕೊಯೋಟೆ’ಗೆ ಸಾವಿರಾರು ಡಾಲರ್ ಕೊಡಬೇಕು. ಅದಕ್ಕಾಗಿ ಅಪ್ಪನ ಜಮೀನು ಅಡವಿಟ್ಟು ತಿಂಗಳಿಗೆ ಶೇ. 5ರಿಂದ 10ರ ಬಡ್ಡಿಗೆ ಸಾಲ ಎತ್ತುವುದು ಅಲ್ಲಿ ಮಾಮೂಲು. ಗಡಿಯಲ್ಲಿ ಸಿಕ್ಕಿಬಿದ್ದು ವಾಪಸಾದರೂ ಸಾಲ ವಾಪಸಾಗುವುದಿಲ್ಲ. ಮೊದಲ ದಿನದ ಕೂಲಿ ಕೈಗೆ ಬರುವ ಮುಂಚೆಯೇ ಈ ಎರಡು ಮನೆಗಳ ಲೆಕ್ಕ ಬೇರೆಯಾಗಿರುತ್ತದೆ.

ಅಂಕಿಗಳು ಹೇಳುವುದು, ಮುಚ್ಚಿಡುವುದು

ರಾಷ್ಟ್ರಮಟ್ಟದ ಚಿತ್ರವನ್ನು ಚುಟುಕಾಗಿ ಕೊಡುತ್ತೇನೆ. 1990ರ ಗಣತಿಯಲ್ಲಿ ಲಾವೋಸ್ ಮೂಲದವರಲ್ಲಿ ಶೇ. 34.7 ಮಂದಿ ಬಡತನ ರೇಖೆಯ ಕೆಳಗಿದ್ದರು. ಲಾವೋಸ್‌ನಿಂದಲೇ ಬಂದರೂ ಗಣತಿಯಲ್ಲಿ ಬೇರೆಯಾಗಿ ಎಣಿಸಲಾಗುವ ಮೋಂಗ್ ಜನರಲ್ಲಿ ಈ ಪ್ರಮಾಣ ಶೇ. 63.6 ಇತ್ತು. ಹತ್ತು ವರ್ಷಗಳ ನಂತರ, 2000ದಲ್ಲಿ, ಲಾವೋಸ್ ಮೂಲದವರ ಬಡತನ ಶೇ. 18-19ರ ಆಸುಪಾಸಿಗೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅಷ್ಟರಲ್ಲಿ ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕುಟುಂಬಗಳು ಸ್ವಂತ ಮನೆ ಮಾಡಿಕೊಂಡಿದ್ದವು. ಗ್ವಾಟೆಮಾಲಾ ಮೂಲದವರ ವಿಷಯದಲ್ಲಿ ಪ್ಯೂ ಸಂಶೋಧನಾ ಕೇಂದ್ರ ಕೊಟ್ಟ 2013ರ ಅಂಕಿ ಹೀಗಿದೆ: ಬಡತನ ಶೇ. 28, ಸ್ವಂತ ಮನೆ ಇರುವವರು ಹತ್ತರಲ್ಲಿ ಮೂವರಷ್ಟೇ.

ಇವು ಬೇರೆಬೇರೆ ವರ್ಷಗಳ ಅಂಕಿಗಳು. ಗೆದ್ದವರು ಯಾರು ಎಂದು ತೀರ್ಪು ಕೊಡಲು ಇವನ್ನು ಬಳಸಬಾರದು, ಯಾವ ದಿಕ್ಕಿಗೆ ಸಾಗಿದ್ದಾರೆ ಎಂದು ತಿಳಿಯಲು ಬಳಸಬಹುದು. ಇನ್ನೊಂದು ತೊಡಕೂ ಇದೆ. ಲಾವೋಸ್‌ನವರು ‘ಏಷ್ಯನ್’ ಎಂಬ ದೊಡ್ಡ ಗುಂಪಿನೊಳಗೆ ಸೇರುತ್ತಾರೆ. ಭಾರತೀಯ ಮತ್ತು ತೈವಾನೀ ಕುಟುಂಬಗಳ ವರಮಾನ ಆ ಗುಂಪಿನ ಸರಾಸರಿಯನ್ನು ಎಷ್ಟು ಎತ್ತರಕ್ಕೆ ಎಳೆಯುತ್ತದೆಂದರೆ, ಮಾಂಸದ ಕಾರ್ಖಾನೆಯಲ್ಲಿ ಮಣಿಕಟ್ಟು ಊದಿಸಿಕೊಂಡ ಲಾವೋಸ್ ಹೆಂಗಸು ಕಾಣುವುದೇ ಇಲ್ಲ. ಮಾಯಾ ಭಾಷೆಗಳಲ್ಲೊಂದಾದ ಕಿಚೆಯನ್ನೋ ಮಾಮನ್ನೋ ಮನೆಯಲ್ಲಿ ಆಡುತ್ತಾ, ಸ್ಪ್ಯಾನಿಷನ್ನೂ ತಡವರಿಸುತ್ತಾ ಮಾತನಾಡುವ ಗ್ವಾಟೆಮಾಲಾದವನು ‘ಹಿಸ್ಪಾನಿಕ್’ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು) ಎಂಬ ಹೆಸರಿನಡಿ ಅದೇ ರೀತಿ ಕಳೆದುಹೋಗುತ್ತಾನೆ. ವರದಿ ಬರೆಯುವವರು ಇದನ್ನು ಗಮನಿಸದೆ ಹೋಗುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ನೆರವಿನ ಹಣ ಹಂಚಿಕೆಯಾಗುವುದು ಇಂಥ ಪಟ್ಟಿಗಳನ್ನು ನೋಡಿಯೇ.

ಸಂಬಳ ಒಂದೇ, ಉಳಿಕೆ ಬೇರೆ

1960-70ರ ದಶಕಗಳಲ್ಲಿ ಅಮೆರಿಕದ ಮಾಂಸ ಕಾರ್ಖಾನೆಗಳ ಕೂಲಿ ಉಳಿದ ಕಾರ್ಖಾನೆಗಳ ಸರಾಸರಿಗಿಂತ ಮೇಲಿತ್ತು. 1980ರ ದಶಕದಲ್ಲಿ ಕಂಪನಿಗಳು ಹಳೆಯ ಕಾರ್ಖಾನೆಗಳನ್ನು ಮುಚ್ಚಿ, ಸಂಘಗಳನ್ನು ಮುರಿದು, ಕೂಲಿಯನ್ನು ಆ ಸರಾಸರಿಗಿಂತ ಕೆಳಕ್ಕೆ ಇಳಿಸಿದವು. ಇದೇ ಮಿನ್ನೆಸೋಟದ ಆಸ್ಟಿನ್ ಊರಿನಲ್ಲಿ ಹಾರ್ಮೆಲ್ ಕಂಪನಿಯ ಕಾರ್ಮಿಕರು 1985-86ರಲ್ಲಿ ನಡೆಸಿದ ಮುಷ್ಕರ ಸೋತಿತು. ಸ್ಥಳೀಯರು ಬಿಟ್ಟುಹೋದ ಆ ಕೆಲಸಗಳಿಗೆ ಮೊದಲು ಲಾವೋಸ್‌ನವರು, ನಂತರ ಲ್ಯಾಟಿನ್ ಅಮೆರಿಕದವರು ಬಂದರು. ಇಂಗ್ಲಿಷ್ ಬೇಡ, ಪದವಿ ಬೇಡ, ಚಾಕು ಹಿಡಿದು ಎಂಟು ಗಂಟೆ ತಂಪುಕೋಣೆಯಲ್ಲಿ ನಿಲ್ಲುವ ಗಟ್ಟಿತನ ಇದ್ದರೆ ಸಾಕು. ಎರಡೂ ಸಮುದಾಯಗಳು ಅದೇ ಗಂಟೆಗೂಲಿಯ ಒಪ್ಪಂದದಡಿ ಈ ಕೆಲಸ ಮಾಡಿವೆ.

ಈಗ ಇಬ್ಬರ ಸಂಬಳದ ಚೀಟಿಯನ್ನು ಎದುರುಬದುರು ಇಡೋಣ. ಸಾಮಾಜಿಕ ಭದ್ರತೆಗೆ ಶೇ. 6.2, ವೃದ್ಧರ ವೈದ್ಯಕೀಯ ವಿಮೆಗೆ ಶೇ. 1.45 ಇಬ್ಬರಿಂದಲೂ ಕಡಿತವಾಗುತ್ತದೆ. ಲಾವೋಸ್‌ನವರ ಕಡಿತ ಅವರ ಹೆಸರಿನ ಖಾತೆಗೆ ಸೇರುತ್ತದೆ. ಒಟ್ಟು ಹತ್ತು ವರ್ಷಗಳ ದುಡಿಮೆ ಪೂರ್ತಿಯಾದರೆ ಮುಪ್ಪಿನಲ್ಲಿ ಪಿಂಚಣಿ ಖಚಿತ. ವಾಸಕ್ಕೆ ಕಾನೂನಿನ ದಾಖಲೆಯಿಲ್ಲದೆ, ತನ್ನದಲ್ಲದ ಸಾಮಾಜಿಕ ಭದ್ರತಾ ಸಂಖ್ಯೆಯಲ್ಲಿ ಕೆಲಸ ಮಾಡುವ ಗ್ವಾಟೆಮಾಲಾದವನ ಕಡಿತವೂ ಸರ್ಕಾರದ ಬೊಕ್ಕಸಕ್ಕೇ ಹೋಗುತ್ತದೆ, ಆದರೆ ಅದರಲ್ಲಿ ಒಂದು ಡಾಲರ್ ಕೂಡ ಅವನಿಗೆ ಮರಳಿ ಬರುವುದಿಲ್ಲ. ವರ್ಷಾಂತ್ಯದಲ್ಲಿ ಕಡಿಮೆ ವರಮಾನದ ದುಡಿಯುವ ಕುಟುಂಬಗಳಿಗೆ ಒಕ್ಕೂಟ ಸರ್ಕಾರ ಕೊಡುವ ತೆರಿಗೆ ಮರುಪಾವತಿ ಮಕ್ಕಳಿರುವ ಮನೆಗೆ ಸಾವಿರಾರು ಡಾಲರ್ ತರುತ್ತದೆ. ಅದನ್ನು ಪಡೆಯಲು ಕೆಲಸಕ್ಕೆ ಅರ್ಹವಾದ ಸಾಮಾಜಿಕ ಭದ್ರತಾ ಸಂಖ್ಯೆ ಬೇಕು. ಮಕ್ಕಳು ಅಮೆರಿಕದಲ್ಲೇ ಹುಟ್ಟಿ ಅಲ್ಲಿನ ಪ್ರಜೆಗಳಾಗಿದ್ದರೂ, ತಂದೆತಾಯಿಗೆ ಆ ಸಂಖ್ಯೆ ಇಲ್ಲದಿದ್ದರೆ ಹಣವಿಲ್ಲ.

ಅಂಕಿಅಂಶಗಳಲ್ಲಿ ಎಲ್ಲೂ ಕಾಣದ ಇನ್ನೊಂದು ಆಸ್ತಿ ಅಜ್ಜ-ಅಜ್ಜಿಯರು. ನಿರಾಶ್ರಿತರಾಗಿ ಬಂದವರು ಹಿರಿಯರನ್ನು ಜೊತೆಯಲ್ಲೇ ತಂದರು, ಇಲ್ಲವೆ ಪೌರತ್ವ ಪಡೆದು ಕರೆಸಿಕೊಂಡರು. ಗಂಡ ಒಂದು ಪಾಳಿ, ಹೆಂಡತಿ ಇನ್ನೊಂದು ಪಾಳಿ ಹೋದರೂ ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಅಜ್ಜಿ ಇದ್ದರು. ಬಡ ವೃದ್ಧರಿಗೆ ಸಿಗುವ ಮಾಸಾಶನವೂ ಎಷ್ಟೋ ಮನೆಗಳಿಗೆ ಬಂತು. ಎರಡು ಸಂಬಳ, ಶಿಶುಪಾಲನೆಯ ಖರ್ಚಿಲ್ಲ, ಸಣ್ಣ ಊರಿನ ಅಗ್ಗದ ಮನೆ: ಗೃಹಸಾಲದ ಮೊದಲ ಕಂತು ಕೂಡಿದ್ದು ಹೀಗೆ. ಪಶ್ಚಿಮ ಬೆಟ್ಟಸೀಮೆಯ ವೆವೆತೆನಾಂಗೊದಲ್ಲಿ ಅಮ್ಮನನ್ನು ಬಿಟ್ಟುಬಂದ ಗ್ವಾಟೆಮಾಲಾದ ಹೆಂಗಸಿಗೆ ಆ ಅಮ್ಮನನ್ನು ಕರೆಸಿಕೊಳ್ಳುವ ದಾರಿಯೇ ಇಲ್ಲ. ಮಗುವನ್ನು ನೋಡಿಕೊಳ್ಳುವವರಿಗೆ ಹಣ ಕೊಡಬೇಕು, ಊರಿನ ಅಮ್ಮನಿಗೂ ಹಣ ಕಳುಹಿಸಬೇಕು.

ಊರಿಗೆ ಕಳುಹಿಸುವ ಹಣದ ಗಾತ್ರ ಸಣ್ಣದಲ್ಲ. 2024ರಲ್ಲಿ ಗ್ವಾಟೆಮಾಲಾಕ್ಕೆ ಹೊರಗಿನಿಂದ ಬಂದ ಹಣ 2,100 ಕೋಟಿ ಡಾಲರ್‌ಗೂ ಹೆಚ್ಚು, ಆ ದೇಶದ ಒಟ್ಟು ಉತ್ಪನ್ನದ ಐದನೆಯ ಒಂದು ಭಾಗದಷ್ಟು. ಮಿನ್ನೆಸೋಟದ ಬಾಡಿಗೆ ಮನೆಯಲ್ಲಿ ಏನೂ ಇಲ್ಲದಂತೆ ಕಾಣುವ ಕುಟುಂಬ ಗ್ವಾಟೆಮಾಲಾದ ಬೆಟ್ಟದ ಮೇಲೆ ಕಾಂಕ್ರೀಟ್ ಮನೆ ಕಟ್ಟಿಸುತ್ತಿರಬಹುದು, ತಂಗಿಯನ್ನು ಓದಿಸುತ್ತಿರಬಹುದು. ಅಮೆರಿಕದ ಗಣತಿ ಅದನ್ನು ಎಣಿಸುವುದಿಲ್ಲ. ಆದ್ದರಿಂದ ಗ್ವಾಟೆಮಾಲಾದವರ ಆರ್ಥಿಕ ಕ್ಷೇಮವನ್ನು ಅಮೆರಿಕದ ಆಸ್ತಿಯಲ್ಲಷ್ಟೇ ಅಳೆಯುವುದು ಅನ್ಯಾಯ. ಆದರೆ ಆಸ್ತಿ ಅಲ್ಲಿ, ದುಡಿಮೆ ಇಲ್ಲಿ ಎಂಬ ಸ್ಥಿತಿಯೂ ಅವರು ಬಯಸಿ ಆರಿಸಿಕೊಂಡದ್ದಲ್ಲ. ಯಾವ ದಿನ ಹೊರಹಾಕುತ್ತಾರೋ ಗೊತ್ತಿಲ್ಲದವರು ಮೂವತ್ತು ವರ್ಷಗಳ ಗೃಹಸಾಲ ಎಲ್ಲಿ ತೆಗೆಯಬೇಕು?

ಗಾಯದ ವಿಷಯವನ್ನೂ ಹೇಳಬೇಕು. ದಾಖಲೆಯಿಲ್ಲದ ಕಾರ್ಮಿಕನಿಗೂ ಕೆಲಸದಲ್ಲಾದ ಗಾಯಕ್ಕೆ ಪರಿಹಾರ ಸಿಗಬೇಕೆಂದು ಮಿನ್ನೆಸೋಟದ ಸುಪ್ರೀಂ ಕೋರ್ಟ್ 2003ರಲ್ಲಿ ತೀರ್ಪು ಕೊಟ್ಟಿತು. ಒಳ್ಳೆಯ ತೀರ್ಪು. ಆದರೆ ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ ಸುಪ್ರೀಂ ಕೋರ್ಟ್, ಸಂಘ ಕಟ್ಟಿದ್ದಕ್ಕಾಗಿ ಅಕ್ರಮವಾಗಿ ಕೆಲಸದಿಂದ ತೆಗೆದುಹಾಕಲಾದ ದಾಖಲೆಯಿಲ್ಲದ ಕಾರ್ಮಿಕನಿಗೆ ಹಿಂಬಾಕಿ ಸಂಬಳ ಕೊಡಬೇಕಿಲ್ಲ ಎಂದಿತ್ತು. ಕಾನೂನಿನ ಪುಸ್ತಕದಲ್ಲಿ ಹಕ್ಕಿದ್ದರೂ ಅದನ್ನು ಕೇಳಲು ಬಾಯಿ ತೆರೆಯುವುದೇ ಅಪಾಯವಾದಾಗ, ಆ ಹಕ್ಕಿಗೆ ಹಣದ ಬೆಲೆ ಉಳಿಯುವುದಿಲ್ಲ.

2006ರ ಡಿಸೆಂಬರ್ 12

ಮೆಕ್ಸಿಕೋದ ಕ್ಯಾಥೊಲಿಕರು ಆರಾಧಿಸುವ ಗ್ವಾದಲೂಪೆ ಮಾತೆಯ ಹಬ್ಬದ ದಿನ. ಅಂದು ಒಕ್ಕೂಟ ಸರ್ಕಾರದ ವಲಸೆ ಅಧಿಕಾರಿಗಳು ಸ್ವಿಫ್ಟ್ ಕಂಪನಿಯ ಆರು ಕಾರ್ಖಾನೆಗಳ ಮೇಲೆ ಏಕಕಾಲದಲ್ಲಿ ದಾಳಿ ಮಾಡಿ ಸುಮಾರು 1,300 ಮಂದಿಯನ್ನು ಹಿಡಿದರು. ವರ್ದಿಂಗ್‌ಟನ್ ಒಂದರಲ್ಲೇ ಬಂಧಿತರು ಇನ್ನೂರಕ್ಕೂ ಹೆಚ್ಚು. ಶಾಲೆಯಿಂದ ಮರಳುವ ಮಕ್ಕಳಿಗೆ ಮನೆಯಲ್ಲಿ ಯಾರಿದ್ದಾರೆ ಎಂಬುದೇ ಅಂದಿನ ಪ್ರಶ್ನೆಯಾಯಿತು. ಊರಿನ ಸೇಂಟ್ ಮೇರಿ ಚರ್ಚ್ ಹೆದರಿದ ಕುಟುಂಬಗಳಿಗೆ ಆಸರೆಯಾಯಿತು.

ಸ್ವಿಫ್ಟ್ ಕಂಪನಿ ಆ ಹೊತ್ತಿಗಾಗಲೇ ಕೆಲಸಗಾರರ ದಾಖಲೆಗಳನ್ನು ನೋಡುವ ಸರ್ಕಾರದ ಪರಿಶೀಲನಾ ವ್ಯವಸ್ಥೆಯನ್ನು ಬಳಸುತ್ತಿತ್ತು. ಹೆಸರು ಮತ್ತು ಸಂಖ್ಯೆ ಒಂದಕ್ಕೊಂದು ಹೊಂದುತ್ತವೆಯೇ ಎಂದಷ್ಟೇ ಆ ವ್ಯವಸ್ಥೆ ನೋಡುತ್ತಿತ್ತು. ಹಾಗಾಗಿ ಕೆಲಸ ಬೇಕಾದವರು ನಿಜವಾದ ಇನ್ನೊಬ್ಬರ ಗುರುತನ್ನೇ ಹಣ ಕೊಟ್ಟು ಪಡೆಯುವಂತಾಯಿತು. ಆ ಖರ್ಚೂ ಸಾಲದ ಮೇಲಿನ ಸಾಲ.

ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ, ದಾಳಿಯ ದಿನ ಒಂದೇ ಕಾರ್ಖಾನೆಯ ಇಬ್ಬರು ಕಾರ್ಮಿಕರ ‘ವರಮಾನದ ಅಪಾಯ’ ಎಷ್ಟು ಬೇರೆ ಎಂಬುದು ಬಯಲಾಯಿತು. ಪೌರತ್ವವಿದ್ದ ಲಾವೋಸ್ ಕಾರ್ಮಿಕ ಮರುದಿನ ಕೆಲಸಕ್ಕೆ ಹೋಗಬಹುದಿತ್ತು. ಬಂಧಿತನ ಮನೆಗೆ ಸಂಬಳ ಅಂದೇ ನಿಂತಿತು, ಊರಿನ ಸಾಲದ ಬಡ್ಡಿ ನಿಲ್ಲಲಿಲ್ಲ. ವಾರ್ಷಿಕ ವರಮಾನದ ಸಮೀಕ್ಷೆ ಇಬ್ಬರಿಗೂ ಒಂದೇ ಮೊತ್ತ ಬರೆದುಕೊಳ್ಳಬಹುದು, ಆದರೆ ಒಬ್ಬನದು ನಂಬಿ ಬದುಕಬಹುದಾದ ಮೊತ್ತ.

2020ರ ಏಪ್ರಿಲ್‌ನಲ್ಲಿ ಕೊರೊನಾ ಸೋಂಕು ಹರಡಿ ಈ ಕಾರ್ಖಾನೆ ಮುಚ್ಚಿದಾಗ ಅದೇ ಬಿರುಕು ಮತ್ತೆ ಕಂಡಿತು. ಸರ್ಕಾರ ಆಗ ವಯಸ್ಕರಿಗೆ ತಲಾ 1,200 ಡಾಲರ್ ಕೊಟ್ಟಿತು. ಜಂಟಿಯಾಗಿ ತೆರಿಗೆ ವಿವರ ಸಲ್ಲಿಸಿದ ದಂಪತಿಯಲ್ಲಿ ಒಬ್ಬರಿಗೆ ಸಾಮಾಜಿಕ ಭದ್ರತಾ ಸಂಖ್ಯೆ ಇಲ್ಲದಿದ್ದರೂ ಸಾಮಾನ್ಯವಾಗಿ ಇಡೀ ಕುಟುಂಬಕ್ಕೆ ಹಣ ಸಿಗಲಿಲ್ಲ. ಆ ನಿಯಮ ಡಿಸೆಂಬರ್‌ನಲ್ಲಿ ಸಡಿಲವಾಯಿತು. ದೇಶದ ಊಟಕ್ಕೆ ಅತ್ಯಗತ್ಯ ಕಾರ್ಮಿಕರು ಎಂದು ಅವರನ್ನು ಕರೆದದ್ದೂ ಇದೇ ಸರ್ಕಾರ.

ಮಕ್ಕಳ ಪಾಲು

2013ರಿಂದ 2019ರ ನಡುವೆ, ಹೆತ್ತವರಿಲ್ಲದೆ ಗಡಿ ದಾಟಿದ 400ಕ್ಕೂ ಹೆಚ್ಚು ಮಕ್ಕಳನ್ನು ವರ್ದಿಂಗ್‌ಟನ್ ಇರುವ ನೋಬಲ್ಸ್ ಕೌಂಟಿಯ ಬಂಧುಗಳ ಬಳಿಗೆ ಕಳುಹಿಸಲಾಯಿತು. ಅವರಲ್ಲಿ ಹೆಚ್ಚಿನವರು ಮಧ್ಯ ಅಮೆರಿಕದ ಮಕ್ಕಳು. ತರಗತಿಗಳು ತುಂಬಿ ತುಳುಕಿದವು. ಶಾಲೆ ವಿಸ್ತರಿಸಲು ತೆರಿಗೆ ಕೇಳಿದ ಪ್ರಸ್ತಾವ ಜನಮತದಲ್ಲಿ ಮತ್ತೆ ಮತ್ತೆ ಸೋತು, ಕೊನೆಗೆ 2019ರ ನವೆಂಬರ್‌ನಲ್ಲಿ ಕೆಲವೇ ಮತಗಳ ಅಂತರದಿಂದ ಗೆದ್ದಿತು.

ಆ ಮಕ್ಕಳಲ್ಲಿ ಕೆಲವರ ಹೆಗಲ ಮೇಲೂ ಪ್ರಯಾಣದ ಸಾಲವಿರುತ್ತದೆ. 2022ರ ನವೆಂಬರ್‌ನಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ, ಮಾಂಸ ಕಾರ್ಖಾನೆಗಳನ್ನು ರಾತ್ರಿ ಹೊತ್ತು ತೊಳೆಯುವ ಗುತ್ತಿಗೆ ಪಡೆದಿದ್ದ ಪ್ಯಾಕರ್ಸ್ ಸ್ಯಾನಿಟೇಶನ್ ಸರ್ವೀಸಸ್ ಎಂಬ ಕಂಪನಿಯ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಎಂಟು ರಾಜ್ಯಗಳ 13 ಕಾರ್ಖಾನೆಗಳಲ್ಲಿ 13ರಿಂದ 17 ವರ್ಷದೊಳಗಿನ 102 ಮಕ್ಕಳು ಎಲುಬು ಕತ್ತರಿಸುವ ಯಂತ್ರಗಳನ್ನು ರಾಸಾಯನಿಕ ಬಳಸಿ ತೊಳೆಯುವ ಕೆಲಸದಲ್ಲಿದ್ದರು. ಅವರಲ್ಲಿ 22 ಮಕ್ಕಳು ವರ್ದಿಂಗ್‌ಟನ್ ಕಾರ್ಖಾನೆಯವರು. ಮಗುವೊಂದಕ್ಕೆ 15,138 ಡಾಲರ್‌ನಂತೆ ಕಂಪನಿ ದಂಡ ಕಟ್ಟಿತು. ಕಾನೂನಿನಲ್ಲಿ ಇದ್ದ ಗರಿಷ್ಠ ದಂಡವೇ ಅಷ್ಟು. ಒಂದು ಮಗುವಿನ ನಿದ್ದೆ, ಓದು, ಕೈಬೆರಳುಗಳಿಗೆ ಕಟ್ಟಿದ ಆ ಬೆಲೆಯನ್ನು ಓದಿ ಸುಮ್ಮನಿರುವುದು ನನ್ನಿಂದ ಆಗದು.

ಲಾವೋಸ್ ಕುಟುಂಬಗಳ ಮಕ್ಕಳೂ ಕಷ್ಟಪಟ್ಟಿದ್ದಾರೆ. ಕಚೇರಿಗಳಲ್ಲಿ ಅಪ್ಪ-ಅಮ್ಮನಿಗೆ ದುಭಾಷಿಗಳಾಗಿದ್ದಾರೆ. ಆದರೆ ಅವರ ಮನೆಯ ಮೇಲೆ ಕೊಯೋಟೆಯ ಸಾಲವಿರಲಿಲ್ಲ.

ಬೇರೆ ಕಾರಣಗಳನ್ನೂ ತೂಗಿ

ಈ ವಾದಕ್ಕೆ ಬರಬಹುದಾದ ಬಲವಾದ ಆಕ್ಷೇಪ ಕಾಲದ್ದು. ಲಾವೋಸ್‌ನವರಲ್ಲಿ ಹೆಚ್ಚಿನವರು 1990ರ ದಶಕ ಮುಗಿಯುವ ಮೊದಲೇ ಬಂದವರು. ಗ್ವಾಟೆಮಾಲಾದವರಲ್ಲಿ ಎಷ್ಟೋ ಮಂದಿ ನಿನ್ನೆ ಮೊನ್ನೆ ಬಂದವರು. ಇಪ್ಪತ್ತು ವರ್ಷ ಹೆಚ್ಚು ಇದ್ದವರು ಮುಂದಿರುವುದು ಸಹಜ. ಇದು ನಿಜ, ಮತ್ತು ವ್ಯತ್ಯಾಸದ ಒಂದು ಪಾಲನ್ನು ಇದು ವಿವರಿಸುತ್ತದೆ.

ಓದಿನ ವಿಷಯ ಹಾಗಲ್ಲ. 2000ದ ಗಣತಿಯಲ್ಲಿ ಲಾವೋಸ್ ಮೂಲದ ವಯಸ್ಕರಲ್ಲಿ ಅರ್ಧದಷ್ಟು ಮಂದಿ ಹೈಸ್ಕೂಲು ಮುಗಿಸಿರಲಿಲ್ಲ, ಪದವೀಧರರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಗ್ವಾಟೆಮಾಲಾದವರಂತೆಯೇ ಅವರೂ ಬಹುಮಟ್ಟಿಗೆ ಹಳ್ಳಿಗಾಡಿನ ಜನ. ಹಾಗಿದ್ದೂ ಅವರಲ್ಲಿ ಅರ್ಧ ಮಂದಿ ಮನೆ ಕೊಂಡಿದ್ದರು. ಪದವಿಯಿಲ್ಲದೆ, ಕೈಗೆಲಸದಿಂದಲೇ ಆ ಮಟ್ಟ ತಲುಪಲು ಸಾಧ್ಯವಾಯಿತು ಎಂಬುದು ಮುಖ್ಯ.

ಕಾಲ ಮತ್ತು ಕಾಗದಪತ್ರ ಎರಡನ್ನೂ ಬೇರ್ಪಡಿಸಿ ನೋಡಲು ಒಂದು ದಾರಿ ಇದೆ. 1986ರ ಕಾಯ್ದೆ, 1982ರ ಜನವರಿ 1ಕ್ಕೆ ಮೊದಲಿನಿಂದ ಅಮೆರಿಕದಲ್ಲಿದ್ದ ದಾಖಲೆಯಿಲ್ಲದವರಿಗೆ ಕಾನೂನುಬದ್ಧ ಸ್ಥಾನ ಕೊಟ್ಟಿತು. ಹಾಗೆ ಸ್ಥಾನ ಪಡೆದ ಕಾರ್ಮಿಕರನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು, ಕಾಗದ ಕೈಗೆ ಬಂದದ್ದರಿಂದಲೇ ಅವರ ಕೂಲಿ ಸುಮಾರು ಶೇ. 6ರಷ್ಟು ಏರಿತೆಂದು ಕಂಡುಕೊಂಡರು. ವ್ಯಕ್ತಿ ಅದೇ, ಕೌಶಲ ಅದೇ, ಬದಲಾದದ್ದು ಸ್ಥಾನ. ಪಿಂಚಣಿ, ತೆರಿಗೆ ಮರುಪಾವತಿ, ಹಿರಿಯರನ್ನು ಕರೆಸಿಕೊಳ್ಳುವ ಹಕ್ಕು ಇವನ್ನು ಆ ಶೇ. 6ರೊಳಗೆ ಸೇರಿಸಿಲ್ಲ.

ನಿರಾಶ್ರಿತರಿಗೆ ಕೊಟ್ಟ ನೆರವು ಅವರನ್ನು ಸೋಮಾರಿಗಳನ್ನಾಗಿ ಮಾಡಿತು ಎಂಬ ಮಾತು 1980ರ ದಶಕದಲ್ಲಿ ಅಮೆರಿಕದಲ್ಲಿ ಬಹಳ ಕೇಳಿಬಂತು. ಹತ್ತು ವರ್ಷಗಳಲ್ಲಿ ಅರ್ಧಕ್ಕೆ ಇಳಿದ ಬಡತನ ಆ ಮಾತಿಗೆ ಉತ್ತರ ಕೊಟ್ಟಿದೆ.

ಇತ್ತೀಚಿನ ವರ್ಷಗಳು

ಲಾವೋಸ್‌ನವರ ನೆಲೆಯೂ ಎಲ್ಲರಿಗೂ ಗಟ್ಟಿಯಾಗಿಲ್ಲ. ಶಿಬಿರಗಳಲ್ಲಿ ಹುಟ್ಟಿ ಕೈಗೂಸುಗಳಾಗಿ ಬಂದು, ಪೌರತ್ವಕ್ಕೆ ಅರ್ಜಿ ಹಾಕದೆ ಉಳಿದು, ಹರೆಯದಲ್ಲಿ ಅಪರಾಧವೊಂದರಲ್ಲಿ ಶಿಕ್ಷೆ ಅನುಭವಿಸಿದವರನ್ನು 2025ರಲ್ಲಿ ತಾವು ನೋಡಿಯೇ ಇರದ ಲಾವೋಸ್‌ಗೆ ಗಡೀಪಾರು ಮಾಡಲಾಯಿತು. ಅದೇ ವರ್ಷದ ಜೂನ್‌ನಲ್ಲಿ ಲಾವೋಸ್ ಅಮೆರಿಕದ ಭಾಗಶಃ ಪ್ರವೇಶ ನಿರ್ಬಂಧದ ಪಟ್ಟಿಗೂ ಸೇರಿತು. ಗ್ರೀನ್ ಕಾರ್ಡ್ ಮತ್ತು ಪೌರತ್ವದ ನಡುವಿನ ಅಂತರಕ್ಕೆ ಎಷ್ಟು ಬೆಲೆ ಎಂಬುದು ಮಧ್ಯವಯಸ್ಸಿನ ಅವರಿಗೆ ಈಗ ತಿಳಿಯುತ್ತಿದೆ.

ಮಿನ್ನೆಸೋಟ ರಾಜ್ಯ 2023ರಲ್ಲಿ ತನ್ನ ಮಿತಿಯೊಳಗೆ ಎರಡು ಕೆಲಸ ಮಾಡಿತು. ದಾಖಲೆಯಿಲ್ಲದವರಿಗೆ ಇಪ್ಪತ್ತು ವರ್ಷಗಳಿಂದ ನಿಂತುಹೋಗಿದ್ದ ಚಾಲನಾ ಪರವಾನಗಿಯನ್ನು ಅಕ್ಟೋಬರ್ 1ರಿಂದ ಮತ್ತೆ ತೆರೆಯಿತು. ಬಸ್ ಸೌಕರ್ಯ ಕಡಿಮೆಯಿರುವ ಆ ಬಯಲುಸೀಮೆಯಲ್ಲಿ ಕಾರು ಓಡಿಸಲಾರದವನು ಹತ್ತಿರದ ಒಂದೇ ಕಾರ್ಖಾನೆಯ ಕೂಲಿಗೆ ಕಟ್ಟಿಬೀಳುತ್ತಾನೆ. ಪರವಾನಗಿ ಇದ್ದರೆ ನೂರು ಕಿಲೋಮೀಟರ್‌ನಷ್ಟು ದೂರದ ಸೂ ಫಾಲ್ಸ್ ನಗರದಲ್ಲೂ ಕೆಲಸ ಹುಡುಕಬಹುದು. ಎರಡನೆಯದಾಗಿ, ಕಡಿಮೆ ವರಮಾನದ ಕುಟುಂಬಗಳಿಗೆ ಆಗ ಮಗುವೊಂದಕ್ಕೆ ವರ್ಷಕ್ಕೆ 1,750 ಡಾಲರ್‌ವರೆಗೆ ಕೊಡುವ ರಾಜ್ಯದ ಹೊಸ ತೆರಿಗೆ ಮರುಪಾವತಿಯನ್ನು, ಸಾಮಾಜಿಕ ಭದ್ರತಾ ಸಂಖ್ಯೆಯಿಲ್ಲದೆ ಬರೀ ತೆರಿಗೆ ಗುರುತು ಸಂಖ್ಯೆಯಿಂದ ತೆರಿಗೆ ಕಟ್ಟುವವರಿಗೂ ಸಿಗುವಂತೆ ಜಾರಿಗೆ ತಂದಿತು. ಅರ್ಹತೆಯಿರುವ, ಮೂರು ಮಕ್ಕಳ ಮನೆಗೆ ಅದು 5,250 ಡಾಲರ್ ಆಗಬಹುದಿತ್ತು. ಲಾವೋಸ್ ಮೂಲದ ಮನೆಗೂ ಗ್ವಾಟೆಮಾಲಾ ಮೂಲದ ಮನೆಗೂ ಅದೇ ನಿಯಮ, ಅದೇ ಮೊತ್ತ. ವರ್ದಿಂಗ್‌ಟನ್‌ನಲ್ಲಿ ಈ ಎರಡು ಸಮುದಾಯಗಳನ್ನು ಮುಂದೆ ಅಧ್ಯಯನ ಮಾಡುವವರು 2023ಕ್ಕೆ ಮೊದಲಿನ ಮತ್ತು ನಂತರದ ಬಾಡಿಗೆ ಬಾಕಿ, ಊರಿನ ಸಾಲ, ಹೈಸ್ಕೂಲು ಬಿಟ್ಟ ಮಕ್ಕಳ ಸಂಖ್ಯೆ ಈ ಮೂರನ್ನು ಮನೆಮನೆಗೆ ಹೋಗಿ ಕೇಳಬೇಕು, ಮತ್ತು ಆ ಪ್ರಶ್ನೆಗಳನ್ನು ಲಾವೋ, ಸ್ಪ್ಯಾನಿಷ್‌ಗಳ ಜೊತೆಗೆ ಮಾಯಾ ಭಾಷೆಗಳಲ್ಲೂ ಕೇಳಬೇಕು.